ಹನ್ನೆರಡನೆಯವರ ತಂಡ

1
ಲಾಸ್ ವೇಗಸ್ ಮರುಭೂಮಿಯ ಊರು. ಜೂನ್ ಬಿಸಿಲು 40 ಡಿಗ್ರಿ ದಾಟುತ್ತದೆ. 2017ರ ಜೂನ್ 21ರಂದು ಅಲ್ಲಿಯ ಟಿ-ಮೊಬೈಲ್ ಅರೀನಾದಲ್ಲಿ ಒಂದು ಐಸ್ ಹಾಕಿ ತಂಡಕ್ಕೆ ಆಟಗಾರರನ್ನು ಆರಿಸಿದರು. ತಂಡದ ಹೆಸರು ವೇಗಸ್ ಗೋಲ್ಡನ್ ನೈಟ್ಸ್. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ 31ನೇ ತಂಡ.

2
ಲೀಗ್‌ಗೆ ಸೇರುವ ಶುಲ್ಕ 50 ಕೋಟಿ ಡಾಲರ್. ಹಳೆಯ 30 ತಂಡಗಳ ಮಾಲೀಕರು ಅದನ್ನು ಹಂಚಿಕೊಂಡರು. ಬದಲಿಗೆ ಪ್ರತಿ ತಂಡವೂ ಒಬ್ಬ ಆಟಗಾರನನ್ನು ಬಿಟ್ಟುಕೊಡಬೇಕು. ಭಾಗಿಸಿ ನೋಡಿದೆ: ತಲೆಗೆ ಸುಮಾರು ಒಂದು ಕೋಟಿ ಅರವತ್ತಾರು ಲಕ್ಷ ಡಾಲರ್. ಅದರಲ್ಲಿ ಆಟಗಾರನ ಕೈಗೆ ಬಿಡಿಗಾಸೂ ಬರುವುದಿಲ್ಲ. ಅವನ ಸಂಬಳ ಹಳೆಯ ಒಪ್ಪಂದದಲ್ಲಿ ಇದ್ದಷ್ಟೇ.

3
ಬೇಕಾದವರನ್ನು ಆರಿಸುವಂತಿಲ್ಲ. ಹಳೆಯ ತಂಡಗಳು ಮೊದಲು ತಮ್ಮವರನ್ನು ಕಾಯ್ದಿರಿಸಿಕೊಳ್ಳುತ್ತವೆ. 7 ಫಾರ್ವರ್ಡ್, 3 ಡಿಫೆಂಡರ್, 1 ಗೋಲ್‌ಕೀಪರ್. ಹಾಗಲ್ಲದಿದ್ದರೆ ಯಾವ ಜಾಗದಲ್ಲಿ ಆಡುವವರಾದರೂ ಸರಿ 8 ಮಂದಿ, ಜೊತೆಗೆ 1 ಗೋಲ್‌ಕೀಪರ್. ವೃತ್ತಿಪರ ಆಟಕ್ಕೆ ಬಂದು ಎರಡು ವರ್ಷ ಮೀರದ ಹುಡುಗರನ್ನು ಮುಟ್ಟುವಂತಿಲ್ಲ. ಉಳಿದವರ ಹೆಸರು ಬಯಲಿಗೆ.

4
ಪಂದ್ಯದ ದಿನ ಒಂದು ತಂಡ ಕಣಕ್ಕಿಳಿಸುವುದು 20 ಮಂದಿಯನ್ನು. ಕಾಯ್ದಿರಿಸುವುದು ಹೆಚ್ಚೆಂದರೆ 11. ಕ್ರಿಕೆಟ್ ನೋಡಿ ಬೆಳೆದ ನನಗೆ ಹನ್ನೆರಡನೆಯವನು ಎಂದರೆ ನೀರಿನ ಬಾಟಲಿ ಹೊತ್ತು ಮೈದಾನಕ್ಕೆ ಓಡುವವನು. ಇಲ್ಲಿ ಮೂವತ್ತು ತಂಡಗಳ ಹನ್ನೆರಡನೆಯವರನ್ನು ಕಲೆಹಾಕಿ ಒಂದು ತಂಡ.

5
ಇನ್ನೂ ಕಟ್ಟುಪಾಡುಗಳಿವೆ. 30 ಮಂದಿಯಲ್ಲಿ ಕನಿಷ್ಠ 14 ಫಾರ್ವರ್ಡ್, 9 ಡಿಫೆಂಡರ್, 3 ಗೋಲ್‌ಕೀಪರ್ ಇರಬೇಕು. ಎಲ್ಲರ ಸಂಬಳ ಕೂಡಿದರೆ 4.38 ಕೋಟಿ ಡಾಲರ್‌ಗಿಂತ ಕಡಿಮೆ ಆಗಬಾರದು, 7.3 ಕೋಟಿ ಮೀರಬಾರದು. ಅಗ್ಗದವರನ್ನೇ ಗುಡ್ಡೆ ಹಾಕುವಂತಿಲ್ಲ. ದುಬಾರಿಯವರನ್ನೇ ಬಾಚಿಕೊಳ್ಳುವಂತೆಯೂ ಇಲ್ಲ.

6
ಆರಿಸುವುದು 30 ಮಂದಿಯನ್ನು. ಋತುವಿಗೆ ತಂಡದಲ್ಲಿ ಇಟ್ಟುಕೊಳ್ಳಬಹುದಾದದ್ದು 23. ಷಿಕಾಗೊದಿಂದ ಆರಿಸಿದ ಡಿಫೆಂಡರ್ ಟ್ರೆವರ್ ವ್ಯಾನ್ ರೀಮ್ಸ್‌ಡೈಕ್ ವೇಗಸ್‌ನವರಾಗಿದ್ದದ್ದು ಒಂದು ದಿನ. ಮರುದಿನವೇ ಕ್ಯಾರೊಲೈನಾ ತಂಡಕ್ಕೆ ದಾಟಿಸಿದರು.

7
2000ದಲ್ಲಿ ಎರಡು ಹೊಸ ತಂಡಗಳು ಬಂದಾಗ ಹಳೆಯವರು 15 ಮಂದಿಯನ್ನು ಕಾಯ್ದಿರಿಸಿಕೊಳ್ಳಬಹುದಿತ್ತು. ಆಗ ಶುಲ್ಕ 8 ಕೋಟಿ ಡಾಲರ್. ಶುಲ್ಕ 50 ಕೋಟಿಗೆ ಏರಿದಾಗ 15 ಎಂಬುದು 11ಕ್ಕೆ ಇಳಿದಿತ್ತು.

8
ಅದಕ್ಕೂ ಹಿಂದೆ, 1974ರಲ್ಲಿ, ವಾಷಿಂಗ್ಟನ್ ಕ್ಯಾಪಿಟಲ್ಸ್ 60 ಲಕ್ಷ ಡಾಲರ್ ಕಟ್ಟಿ ಲೀಗ್‌ಗೆ ಬಂತು. ಮೊದಲ ಋತುವಿನ 80 ಪಂದ್ಯಗಳಲ್ಲಿ 8 ಗೆಲುವು, 67 ಸೋಲು, 5 ಡ್ರಾ. ಎದುರಾಳಿಗಳು ಹೊಡೆದ ಗೋಲು 446. ಪರ ಊರಿನಲ್ಲಿ ಸತತ 37 ಪಂದ್ಯ ಸೋತ ಮೇಲೆ 1975ರ ಮಾರ್ಚ್‌ನಲ್ಲಿ ಓಕ್ಲೆಂಡ್‌ನಲ್ಲಿ ಒಂದು ಗೆದ್ದರು. ಆಟಗಾರರು ಡ್ರೆಸಿಂಗ್ ರೂಮಿನ ಕಸದ ಡಬ್ಬವನ್ನು, ಲೀಗ್ ಗೆದ್ದವರಿಗೆ ಕೊಡುವ ಸ್ಟಾನ್ಲಿ ಕಪ್‌ನಂತೆ ತಲೆಯ ಮೇಲೆತ್ತಿ ಮೆರವಣಿಗೆ ಮಾಡಿದರು.

9
1992, ಒಟ್ಟಾವ ಸೆನೆಟರ್ಸ್. ಆಟಗಾರರ ವಿವರವೆಲ್ಲ ಒಂದು ಲ್ಯಾಪ್‌ಟಾಪ್‌ನಲ್ಲಿತ್ತು. ಆಯ್ಕೆ ನಡೆಯುವಾಗ ಅದು ಕೈಕೊಟ್ಟಿತು. ತಂಡದವರು ಪಟ್ಟಿಯಲ್ಲಿ ಇಲ್ಲದ ಆಟಗಾರರ ಹೆಸರು ಕೂಗಿದರು. ಒಮ್ಮೆಯಲ್ಲ, ಮತ್ತೆ ಮತ್ತೆ. ಮೈಕಿನಲ್ಲಿಯೇ ಕ್ಷಮೆ ಕೇಳಿದರು. ಆ ಋತುವಿನಲ್ಲಿ 10 ಗೆಲುವು, 70 ಸೋಲು.

ಲ್ಯಾಪ್‌ಟಾಪ್ ನೆಟ್ಟಗಿದ್ದಿದ್ದರೆ ಎಷ್ಟು ಗೆಲ್ಲುತ್ತಿದ್ದರು ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ.

10
ವೇಗಸ್‌ನ ಆಗಿನ ಜನರಲ್ ಮ್ಯಾನೇಜರ್ ಜಾರ್ಜ್ ಮೆಕ್‌ಫೀ. ಕೆಲಸಕ್ಕೆ ಸೇರಿದ್ದು 2016ರ ಜುಲೈನಲ್ಲಿ. ಹೆಚ್ಚುಕಡಿಮೆ ಒಂದು ವರ್ಷ ಅವರ ಕೈಕೆಳಗೆ ಕಚೇರಿ ಇತ್ತು, ಸ್ಕೌಟ್‌ಗಳಿದ್ದರು, ತಂಡ ಇರಲಿಲ್ಲ. ಒಳಗೊಳಗೇ ಅಣಕು ಆಯ್ಕೆ ನಡೆಸಿ ಅಭ್ಯಾಸ ಮಾಡಿದರು. ಬೇರೆ ತಂಡಗಳ ಸೋಲು ಗೆಲುವು ಅವರಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಒಂದೇ: ಆ ತಂಡದಲ್ಲಿ ಯಾರು ಮಿಕ್ಕಾರು?

11
ಇದಕ್ಕೂ ಮೊದಲು ಮೆಕ್‌ಫೀ 17 ವರ್ಷ ಮ್ಯಾನೇಜರ್ ಆಗಿದ್ದ ತಂಡ: ವಾಷಿಂಗ್ಟನ್ ಕ್ಯಾಪಿಟಲ್ಸ್.

12
ಹೊಸ ತಂಡ ಆರಿಸಿ ಬಲವಾಯಿತು ಎಂದುಕೊಂಡಿದ್ದೆ. ದಾಖಲೆ ನೋಡಿದರೆ, ಆರಿಸದೇ ಇದ್ದುದಕ್ಕೆ ಸಿಕ್ಕಿದ್ದೂ ಕಡಿಮೆಯಲ್ಲ. ಹಳೆಯ ತಂಡಗಳು ಬಂದು, ನಮ್ಮ ಇಂಥವನನ್ನು ಮುಟ್ಟಬೇಡಿ, ಬದಲಿಗೆ ಇಗೋ ಇದು ಎಂದು ಕೊಟ್ಟು ಹೋದವು.

13
ಉದಾಹರಣೆಗೆ ಕೊಲಂಬಸ್. ಜಾಶ್ ಆ್ಯಂಡರ್ಸನ್ ಮತ್ತು ಗೋಲ್‌ಕೀಪರ್ ಕೊರ್ಪಿಸಾಲೊ ಉಳಿಯಬೇಕಿತ್ತು. ಅದಕ್ಕಾಗಿ ಮೊದಲ ಸುತ್ತಿನ ಒಂದು ಡ್ರಾಫ್ಟ್ ಹಕ್ಕು (ಏನೆಂದು 15ನೇ ಟಿಪ್ಪಣಿಯಲ್ಲಿ ಇದೆ), ಎರಡನೇ ಸುತ್ತಿನ ಒಂದು ಹಕ್ಕು ಕೊಟ್ಟರು. ವೇಗಸ್ ಅವರಿಬ್ಬರನ್ನು ಬಿಟ್ಟು ವಿಲಿಯಂ ಕಾರ್ಲ್‌ಸನ್ ಎಂಬ ಸ್ವೀಡನ್ನಿನ ಫಾರ್ವರ್ಡ್‌ನನ್ನು ಆರಿಸಿತು. ಹಿಂದಿನ ಋತುವಿನಲ್ಲಿ ಕಾರ್ಲ್‌ಸನ್ ಹೊಡೆದಿದ್ದದ್ದು 6 ಗೋಲು. ಜೊತೆಗೆ ಡೇವಿಡ್ ಕ್ಲಾರ್ಕ್‌ಸನ್ ಅವರನ್ನೂ ವೇಗಸ್ ಇಟ್ಟುಕೊಳ್ಳಬೇಕು ಎಂಬುದು ಷರತ್ತು.

14
ಕ್ಲಾರ್ಕ್‌ಸನ್ ಆಡುತ್ತಿರಲಿಲ್ಲ. ಗಾಯದಿಂದ 2016ರಲ್ಲೇ ಆಟ ನಿಂತಿತ್ತು. ಒಪ್ಪಂದ ನಿಂತಿರಲಿಲ್ಲ. ವರ್ಷಕ್ಕೆ 52.5 ಲಕ್ಷ ಡಾಲರ್ ಲೆಕ್ಕದಲ್ಲಿ 2020ರವರೆಗೆ ಅದು ನಡೆಯಬೇಕಿತ್ತು.

ಆ ಒಪ್ಪಂದದ ಊರೂರು ತಿರುಗಾಟ ಬರೆದಿಟ್ಟುಕೊಂಡಿದ್ದೇನೆ. 2013ರಲ್ಲಿ ಟೊರಾಂಟೊದಲ್ಲಿ ಸಹಿ. 2015ರಲ್ಲಿ ಕೊಲಂಬಸ್‌ಗೆ, ಬದಲಿಗೆ ಕೊಲಂಬಸ್ ಕೊಟ್ಟದ್ದು ನೇಥನ್ ಹಾರ್ಟನ್‌ರನ್ನು. ಬೆನ್ನಿನ ತೊಂದರೆಯಿಂದ ಅವರೂ ಆಡುವಂತಿರಲಿಲ್ಲ. 2017ರಲ್ಲಿ ಕ್ಲಾರ್ಕ್‌ಸನ್ ವೇಗಸ್‌ಗೆ. 2019ರಲ್ಲಿ ಮರಳಿ ಟೊರಾಂಟೊಗೆ. ಹಾರ್ಟನ್ ಒಪ್ಪಂದ ಇನ್ನೂ ಅಲ್ಲೇ ಇತ್ತು. ಒಬ್ಬರಿಗೊಬ್ಬರು ಅದಲುಬದಲಾಗಿದ್ದ ಇಬ್ಬರು, ಇಬ್ಬರೂ ಆಡದವರು, ಕೊನೆಯ ವರ್ಷ ಒಂದೇ ತಂಡದ ಲೆಕ್ಕಪುಸ್ತಕದಲ್ಲಿ ಅಕ್ಕಪಕ್ಕ. ಇದರಿಂದ ಟೊರಾಂಟೊಗೆ ಲಾಭವೂ ಇತ್ತಂತೆ. ದೀರ್ಘಕಾಲ ಗಾಯಗೊಂಡವರ ಸಂಬಳದಷ್ಟು ಮಟ್ಟಿಗೆ ತಂಡದ ಒಟ್ಟು ವೇತನ ಮಿತಿಯನ್ನು ಮೀರಲು ಲೀಗ್ ಆಗ ಬಿಡುತ್ತಿತ್ತು. ಇದನ್ನು ವಿವರಿಸಿದ ಲೇಖನವನ್ನು ಓದಿ ಮುಗಿಸಿದೆ. ಎರಡನೆಯ ಸಲವೂ ಓದಿದೆ.

15
ಡ್ರಾಫ್ಟ್ ಹಕ್ಕು ಎಂದರೆ ಪ್ರತಿ ಬೇಸಿಗೆಯಲ್ಲಿ 18 ವರ್ಷ ತುಂಬುವ ಹುಡುಗರನ್ನು ಸರದಿಯಂತೆ ಆರಿಸುವ ಹಕ್ಕು. ಮುಂದಿನ ವರ್ಷಗಳದ್ದನ್ನೂ ಮಾರಬಹುದು. 2017ರಲ್ಲಿ ಪಿಟ್ಸ್‌ಬರ್ಗ್ ತನ್ನ 2020ರ ಎರಡನೇ ಸುತ್ತಿನ ಹಕ್ಕನ್ನು ವೇಗಸ್‌ಗೆ ಕೊಟ್ಟಿತು. ಆ ಸುತ್ತಿನಲ್ಲಿ ಸಿಗಬೇಕಾದ ಹುಡುಗನಿಗೆ ಆಗ ಹದಿನೈದು ವರ್ಷ. ಯಾವುದೋ ಊರಿನಲ್ಲಿ ಶಾಲೆಗೆ ಹೋಗುತ್ತಿದ್ದ.

16
ಪಿಟ್ಸ್‌ಬರ್ಗ್ ಅದನ್ನು ಕೊಟ್ಟದ್ದು ಗೋಲ್‌ಕೀಪರ್ ಮಾರ್ಕ್-ಆಂಡ್ರೆ ಫ್ಲೂರಿ ಅವರನ್ನು ಕಳೆದುಕೊಳ್ಳುವುದಕ್ಕೆ. ಉಳಿಸಿಕೊಳ್ಳುವುದಕ್ಕೆ ಅಲ್ಲ. 2003ರಿಂದ ಆ ತಂಡದಲ್ಲಿದ್ದವರು. ಮೂರು ಸ್ಟಾನ್ಲಿ ಕಪ್. ಮೂರನೆಯದು ಆಯ್ಕೆಗೆ ಹತ್ತು ದಿನ ಮೊದಲು. ತಂಡದಲ್ಲಿ ಅವರಿಗಿಂತ ಕಿರಿಯ ಗೋಲ್‌ಕೀಪರ್ ಇನ್ನೊಬ್ಬರಿದ್ದರು, ಕಾಯ್ದಿರಿಸಲು ಇದ್ದ ಜಾಗ ಒಂದೇ.

17
ಅನಾಹೈಮ್‌ನಿಂದ ಆರಿಸಿದ್ದು ಕ್ಲೇಟನ್ ಸ್ಟೋನರ್. ವೇಗಸ್ ಪರ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಸ್ಟೋನರ್‌ರನ್ನು ಆರಿಸಿದ್ದಕ್ಕೆ ಅನಾಹೈಮ್ ಕೊಟ್ಟ ಡಿಫೆಂಡರ್ ಶೇ ಥಿಯೊಡೋರ್. ನಿಯಮದ ಪ್ರಕಾರ ಈ ಹುಡುಗನನ್ನು ಮುಟ್ಟುವಂತೆಯೇ ಇರಲಿಲ್ಲ.

18
ಫ್ಲಾರಿಡಾ ಪ್ಯಾಂಥರ್ಸ್. 4 ಡಿಫೆಂಡರ್‌ಗಳನ್ನು ಉಳಿಸಿಕೊಳ್ಳಬೇಕೆಂದು ಎರಡನೇ ದಾರಿ ಹಿಡಿದರು. ಹಾಗಾಗಿ ಫಾರ್ವರ್ಡ್‌ಗಳು 4 ಮಂದಿ ಮಾತ್ರ ಉಳಿದರು. ಆ ಋತುವಿನಲ್ಲಿ 30 ಗೋಲು ಹೊಡೆದಿದ್ದ ಜೊನಾಥನ್ ಮಾರ್ಶೆಸೊ ಪಟ್ಟಿಯಿಂದ ಹೊರಗೆ. ಸಂಬಳ ಹೆಚ್ಚಾಯಿತೆಂದು ಇನ್ನೊಬ್ಬ ಫಾರ್ವರ್ಡ್ ರೈಲಿ ಸ್ಮಿತ್‌ರನ್ನು ನಾಲ್ಕನೇ ಸುತ್ತಿನ ಒಂದು ಹಕ್ಕಿಗೆ ವೇಗಸ್‌ಗೇ ಮಾರಿದರು. ಒಂದು ತಂಡದಿಂದ ಒಬ್ಬನೇ ಎಂಬ ನಿಯಮ ಆಯ್ಕೆಗೆ. ಮಾರಾಟಕ್ಕಲ್ಲ.

19
ಒಂದು ಫೋಟೊ. 2016ರ ನವೆಂಬರ್ ರಾತ್ರಿ, ರಾಲೀ ಊರಿನ ಅರೀನಾದ ಹಿಂಬಾಗಿಲು. ಸೂಟು ತೊಟ್ಟ ಒಬ್ಬರು ಟ್ಯಾಕ್ಸಿಯ ಹತ್ತಿರ ತಮ್ಮ ಲಗೇಜ್ ಜೊತೆ ನಿಂತಿದ್ದಾರೆ. ಫ್ಲಾರಿಡಾ ತಂಡದ ಕೋಚ್ ಜೆರಾರ್ಡ್ ಗ್ಯಾಲಂಟ್. ಪಂದ್ಯ ಮುಗಿದ ಕೂಡಲೇ ಕೆಲಸದಿಂದ ತೆಗೆದಿದ್ದರು. ತಂಡ ಮುಂದಿನ ಊರಿಗೆ ಹೊರಟಿತ್ತು.

ಮುಂದಿನ ಏಪ್ರಿಲ್‌ನಲ್ಲಿ ವೇಗಸ್ ಅವರನ್ನು ಕೋಚ್ ಮಾಡಿಕೊಂಡಿತು.

20
ಹೊಸ ತಂಡ ಆಶೆ ಇಟ್ಟುಕೊಂಡಿದ್ದ ಹೆಸರು ಬೇರೆ: ರಷ್ಯಾದ ವಾದಿಮ್ ಶಿಪಾಚೋವ್. ಎರಡು ವರ್ಷಕ್ಕೆ 90 ಲಕ್ಷ ಡಾಲರ್. ಆಡಿದ್ದು 3 ಪಂದ್ಯ, ಹೊಡೆದದ್ದು 1 ಗೋಲು. ನವೆಂಬರ್ ಹೊತ್ತಿಗೆ ರಷ್ಯಾಕ್ಕೆ ವಾಪಸ್.

21
ಮೊದಲ ಋತುವಿಗೆ ಮುನ್ನ ಕೆಲವು ಬೆಟ್ಟಿಂಗ್ ಕೇಂದ್ರಗಳಲ್ಲಿ ಈ ತಂಡ ಕಪ್ ಗೆಲ್ಲುವುದರ ದರ ಒಂದಕ್ಕೆ ಐನೂರು.

22
2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನ ಸಂಗೀತೋತ್ಸವದ ಮೇಲೆ ಹೋಟೆಲಿನ ಕಿಟಕಿಯಿಂದ ಗುಂಡಿನ ಮಳೆ. ಅಂದಿನ ಲೆಕ್ಕಕ್ಕೆ ಸತ್ತವರು 58. ತಂಡದ ಮೊದಲ ತವರು ಪಂದ್ಯ ಅಕ್ಟೋಬರ್ 10ಕ್ಕೆ. ಆಟಗಾರರನ್ನು ಪರಿಚಯಿಸುವಾಗ ಒಬ್ಬೊಬ್ಬರ ಜೊತೆಗೂ ಆ ರಾತ್ರಿ ಜನರನ್ನು ಉಳಿಸಲು ದುಡಿದವರು ಒಬ್ಬೊಬ್ಬರು ಐಸ್ ಮೇಲೆ ಬಂದರು. 5-2ರಿಂದ ಗೆದ್ದರು. ತಂಡದಲ್ಲಿ 58ನೇ ನಂಬರಿನ ಅಂಗಿಯನ್ನು ಯಾರೂ ತೊಡುವುದಿಲ್ಲ.

23
ಫ್ಲೂರಿ ತಲೆಗೆ ಪೆಟ್ಟಾಗಿ ಕೂತರು. ಅವರ ಬದಲಿ ಸುಬ್ಬನ್ ಗಾಯಗೊಂಡರು. ಅವರ ಬದಲಿ ಡಾನ್ಸ್ಕ್ ಕೂಡ. ನಾಲ್ಕನೆಯವರು ಲಗಾಸೆ. ಎಡ್ಮಂಟನ್‌ನಲ್ಲಿ ಒಂದು ರಾತ್ರಿ, ಜೂನಿಯರ್ ತಂಡದಿಂದ ಕರೆಸಿದ 19 ವರ್ಷದ ಡಿಲನ್ ಫರ್ಗ್ಯುಸನ್ ಒಂಬತ್ತು ನಿಮಿಷ ಗೋಲಿನ ಮುಂದೆ ನಿಂತ. ಒಂದೇ ಋತುವಿನಲ್ಲಿ ಐದು ಗೋಲ್‌ಕೀಪರ್‌ಗಳು. ತಂಡ ಗೆಲ್ಲುತ್ತಲೇ ಇತ್ತು.

24
ಆ ಋತುವಿನ ಲೆಕ್ಕ: 82 ಪಂದ್ಯ, 51 ಗೆಲುವು, 109 ಅಂಕ. ತಮ್ಮ ವಿಭಾಗದಲ್ಲಿ ಮೊದಲು. ಗೋಲು, ಗೋಲಿಗೆ ನೆರವು ಸೇರಿ ಮಾರ್ಶೆಸೊ 75 ಪಾಯಿಂಟ್, ಸ್ಮಿತ್ 60. ಹಿಂದಿನ ವರ್ಷ 6 ಗೋಲು ಹೊಡೆದಿದ್ದ ಕಾರ್ಲ್‌ಸನ್: 43.

ಆ ಋತುವಿಗೆ ಹಿಂದಿನದೆಲ್ಲ ಕೂಡಿದರೆ 183 ಪಂದ್ಯಗಳಲ್ಲಿ 18. ಅದೇ ಕೋಲು, ಅದೇ ಕೈ. ಕೊಲಂಬಸ್‌ನಲ್ಲಿ ಅವರನ್ನು ಐಸ್ ಮೇಲೆ ಬಿಡುತ್ತಿದ್ದ ಹೊತ್ತು ಕಡಿಮೆ ಎನ್ನುತ್ತಾರೆ. ಆ ವರ್ಷ ಅವರು ಗುರಿಯಿಟ್ಟ ಸುಮಾರು ನಾಲ್ಕು ಹೊಡೆತಕ್ಕೆ ಒಂದರಂತೆ ಒಳಗೆ ಹೋಯಿತು, ಅದು ಬರೀ ಅದೃಷ್ಟ ಎನ್ನುವವರೂ ಇದ್ದಾರೆ. ಮುಂದಿನ ವರ್ಷ 24 ಹೊಡೆದರು. ಎರಡೂ ಕಡೆಯವರು ಅದನ್ನು ತಮ್ಮ ಮಾತಿಗೆ ಸಾಕ್ಷಿಯಾಗಿ ತೋರಿಸುತ್ತಾರೆ.

25
ಫೈನಲ್‌ವರೆಗೂ ಹೋದರು. ಅಲ್ಲಿ 4-1ರಿಂದ ಸೋಲಿಸಿದ್ದು ವಾಷಿಂಗ್ಟನ್ ಕ್ಯಾಪಿಟಲ್ಸ್. ನಾಯಕ ಒವೆಚ್ಕಿನ್. 2004ರಲ್ಲಿ ಅವರನ್ನು ಆ ತಂಡಕ್ಕೆ ಆರಿಸಿದ್ದ ಮ್ಯಾನೇಜರ್ ಯಾರೆಂದು 11ನೇ ಟಿಪ್ಪಣಿಯಲ್ಲಿ ಇದೆ.

26
2017ರ ಹುಡುಗರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ವೇಗಸ್ ಮೂವರನ್ನು ಆರಿಸಿತು. ಗ್ಲಾಸ್, ಸುಜುಕಿ, ಬ್ರಾನ್‌ಸ್ಟ್ರಾಮ್. ತಂಡದ ಭವಿಷ್ಯ ಎಂದು ಬರೆದರು. 2021 ಮುಗಿಯುವ ಮುಂಚೆ ಮೂವರೂ ಬೇರೆ ತಂಡಗಳಲ್ಲಿದ್ದರು. ಸುಜುಕಿ ಈಗ ಮಾಂಟ್ರಿಯಲ್ ನಾಯಕ. ಬ್ರಾನ್‌ಸ್ಟ್ರಾಮ್‌ರನ್ನು ಕೊಟ್ಟು ತಂದದ್ದು ಮಾರ್ಕ್ ಸ್ಟೋನ್‌ರನ್ನು; ಅವರು ವೇಗಸ್ ನಾಯಕ. ಬಿಟ್ಟವರಿಂದ ಕಟ್ಟಿದ ತಂಡ ಬಿಡುವುದನ್ನು ಬೇಗ ಕಲಿಯಿತು. ಗ್ಯಾಲಂಟ್‌ರನ್ನು 2020ರ ಜನವರಿಯಲ್ಲಿ ತೆಗೆದರು, ಫ್ಲೂರಿಯನ್ನು 2021ರಲ್ಲಿ ಷಿಕಾಗೊಗೆ ಕೊಟ್ಟರು.

27
ಮಾಲೀಕ ಬಿಲ್ ಫೋಲಿ ಶುರುವಿನಲ್ಲೇ ಆರು ವರ್ಷದೊಳಗೆ ಕಪ್ ಎಂದಿದ್ದರು. ಆರನೇ ಋತು, 2023ರ ಜೂನ್ 13, ಫೈನಲ್‌ನ ಐದನೇ ಪಂದ್ಯ, 9-3. ಎದುರಾಳಿ ಫ್ಲಾರಿಡಾ ಪ್ಯಾಂಥರ್ಸ್. ಪ್ಲೇಆಫ್‌ನ ಶ್ರೇಷ್ಠ ಆಟಗಾರ ಮಾರ್ಶೆಸೊ. ಸ್ಟೋನ್ ಕಪ್ ಎತ್ತಿ ಮೊದಲು ಕೊಟ್ಟದ್ದು ರೈಲಿ ಸ್ಮಿತ್ ಕೈಗೆ. ಮೊದಲ ವರ್ಷದ ತಂಡದವರಲ್ಲಿ ಆಗ ಉಳಿದಿದ್ದವರು ಆರು ಮಂದಿ.

ಅದೇ ತಿಂಗಳ 28ಕ್ಕೆ ಸ್ಮಿತ್‌ರನ್ನು ಪಿಟ್ಸ್‌ಬರ್ಗ್‌ಗೆ ಮಾರಿದರು. ಮೂರನೇ ಸುತ್ತಿನ ಒಂದು ಹಕ್ಕಿಗೆ. ಆರು ವರ್ಷದಲ್ಲಿ ಬೆಲೆ ಒಂದು ಸುತ್ತು ಏರಿದೆ.

28
2021ರ ಜುಲೈ 21. ಸಿಯಾಟಲ್ ಕ್ರಾಕೆನ್, 32ನೇ ತಂಡ. ಶುಲ್ಕ 65 ಕೋಟಿ ಡಾಲರ್. ನಿಯಮ ಅದೇ, 7-3-1. ವೇಗಸ್ ಆಟಗಾರನನ್ನು ಕೊಡಬೇಕಿರಲಿಲ್ಲ, ಶುಲ್ಕದಲ್ಲಿ ಪಾಲೂ ಇರಲಿಲ್ಲ.

ಈ ಸಲ ಹಳೆಯ ತಂಡಗಳು ಯಾವುದೂ ಇವನನ್ನು ಮುಟ್ಟಬೇಡಿ ಎಂದು ಏನನ್ನೂ ಕೊಡಲಿಲ್ಲ. ಕ್ರಾಕೆನ್ ಮ್ಯಾನೇಜರ್ ರಾನ್ ಫ್ರಾನ್ಸಿಸ್ ಕೇಳಿದ ಬೆಲೆ ಹೆಚ್ಚಾಯಿತು ಎಂದರು ಕೆಲವರು. 2017ರ ಪಾಠ ಎಲ್ಲರಿಗೂ ನೆನಪಿತ್ತು ಎಂದರು ಇನ್ನು ಕೆಲವರು.

29
ಜಾರೆಡ್ ಮೆಕ್‌ಕ್ಯಾನ್ ಜುಲೈ 17ರವರೆಗೆ ಪಿಟ್ಸ್‌ಬರ್ಗ್ ಆಟಗಾರ. ಸುಮ್ಮನೆ ಕಳೆದುಕೊಳ್ಳುವ ಬದಲು ಎಂದು ಪಿಟ್ಸ್‌ಬರ್ಗ್ ಅವರನ್ನು ಟೊರಾಂಟೊಗೆ ಮಾರಿತು. ಟೊರಾಂಟೊ ಅವರನ್ನು ಕಾಯ್ದಿರಿಸಲಿಲ್ಲ. ನಾಲ್ಕನೇ ದಿನ ಸಿಯಾಟಲ್ ಆರಿಸಿತು. ಟೊರಾಂಟೊ ಪರ ಒಂದು ಪಂದ್ಯವನ್ನೂ ಆಡದೆ ಟೊರಾಂಟೊದಿಂದ ಹೋದರು. ಸಿಯಾಟಲ್‌ನಲ್ಲಿ ಎರಡನೇ ಋತುವಿಗೆ 40 ಗೋಲು.

30
ಮಾಂಟ್ರಿಯಲ್ ಎರಡು ವಾರದ ಹಿಂದಷ್ಟೇ ಫೈನಲ್ ಆಡಿತ್ತು. ಅವರ ಗೋಲ್‌ಕೀಪರ್ ಕೇರಿ ಪ್ರೈಸ್, ವರ್ಷಕ್ಕೆ 1.05 ಕೋಟಿ ಡಾಲರ್, 2026ರವರೆಗೆ ಒಪ್ಪಂದ. ಅವರನ್ನು ಬಯಲಿಗೆ ಬಿಟ್ಟರು. ಬಯಲಿಗೆ ಬಿದ್ದವರಲ್ಲಿ ಅತಿ ದೊಡ್ಡ ಹೆಸರು. ಸಿಯಾಟಲ್ ಮುಟ್ಟಲಿಲ್ಲ. ಮುಂದಿನ ಋತುವಿನಲ್ಲಿ ಪ್ರೈಸ್ 5 ಪಂದ್ಯ ಆಡಿದರು, ಆಮೇಲೆ ಮೊಣಕಾಲು ಬಿಡಲಿಲ್ಲ. 2025ರಲ್ಲಿ ಆ ಒಪ್ಪಂದ ಸ್ಯಾನ್ ಹೊಸೆ ಸೇರಿತು.

31
ಪ್ರೈಸ್ ಬದಲು ಮಾಂಟ್ರಿಯಲ್‌ನಿಂದ ಆರಿಸಿದ್ದು ಡಿಫೆಂಡರ್ ಕೇಲ್ ಫ್ಲೂರಿ. ಅನಾಹೈಮ್‌ನಿಂದ ಆರಿಸಿದ್ದು ಡಿಫೆಂಡರ್ ಹೇಡನ್ ಫ್ಲೂರಿ. ಅಣ್ಣತಮ್ಮಂದಿರು. ವೇಗಸ್‌ನ ಫ್ಲೂರಿಗೆ ಇವರು ಏನೂ ಆಗಬೇಕಿಲ್ಲ.

32
ಸಿಯಾಟಲ್ ಮೊದಲ ಋತು: 27 ಗೆಲುವು, 49 ಸೋಲು, 60 ಅಂಕ. ವಿಭಾಗದಲ್ಲಿ ಕೊನೆ. ಕ್ಯಾಲ್ಗರಿಯಿಂದ ಆರಿಸಿ ಮೊದಲ ನಾಯಕನನ್ನಾಗಿ ಮಾಡಿದ್ದ ಮಾರ್ಕ್ ಜೊರ್ಡಾನೊ ಅವರನ್ನು ಋತು ಮುಗಿಯುವ ಮುಂಚೆ ಮಾರ್ಚ್‌ನಲ್ಲೇ ಟೊರಾಂಟೊಗೆ ಕೊಟ್ಟರು.

ಹೊರಗಿನಿಂದ ಕರೆತಂದ ಗೋಲ್‌ಕೀಪರ್ ಫಿಲಿಪ್ ಗ್ರೂಬೌವರ್ ಹಿಂದಿನ ವರ್ಷ ಕೊಲೊರಾಡೊದಲ್ಲಿ ನೂರು ಹೊಡೆತಕ್ಕೆ 92 ತಡೆದಿದ್ದರು. ಸಿಯಾಟಲ್‌ನಲ್ಲಿ 89. ಮೂರರ ವ್ಯತ್ಯಾಸ. ಒಂದು ಪಂದ್ಯದಲ್ಲಿ ಗೋಲಿನತ್ತ ಬರುವ ಹೊಡೆತ ಮೂವತ್ತರ ಆಸುಪಾಸು. ಹೆಚ್ಚುಕಡಿಮೆ ಪಂದ್ಯಕ್ಕೊಂದು ಗೋಲು.

33
ಸಿಯಾಟಲ್‌ನಲ್ಲಿ 32ನೇ ನಂಬರನ್ನು ಅಭಿಮಾನಿಗಳಿಗೆ ಬಿಟ್ಟಿದ್ದಾರೆ. ಆಟಗಾರರು ಯಾರೂ ತೊಡುವುದಿಲ್ಲ. ತಂಡ ಹುಟ್ಟುವ ಮೊದಲೇ ಸೀಸನ್ ಟಿಕೆಟಿಗೆ ಮುಂಗಡ ಕಟ್ಟಿದವರು 32 ಸಾವಿರ.

34
ಎರಡನೇ ಋತು: 100 ಅಂಕ. ಹಾಲಿ ಚಾಂಪಿಯನ್ ಕೊಲೊರಾಡೊವನ್ನು ಏಳು ಪಂದ್ಯಗಳಲ್ಲಿ ಸೋಲಿಸಿದರು. ಆಟಗಾರರಲ್ಲಿ ಬಹುಪಾಲು ಹಿಂದಿನ ವರ್ಷದವರೇ.

35
ನಮ್ಮ ಐಪಿಎಲ್‌ನಲ್ಲಿ 2022ರಲ್ಲಿ ಎರಡು ಹೊಸ ತಂಡಗಳು ಬಂದವು. ಹಳೆಯ ತಂಡಗಳು ಉಳಿಸಿಕೊಳ್ಳಬಹುದಾಗಿದ್ದದ್ದು ಹೆಚ್ಚೆಂದರೆ 4 ಮಂದಿಯನ್ನು. ಹರಾಜಿಗೆ ಮೊದಲೇ ಹೊಸಬರು ತಲಾ ಮೂವರನ್ನು ಆರಿಸಿದರು. ಲಖನೌ ನಮ್ಮ ಕೆ.ಎಲ್. ರಾಹುಲ್‌ಗೆ 17 ಕೋಟಿ ರೂಪಾಯಿ ಕೊಟ್ಟಿತು. ಗುಜರಾತ್ ಮೊದಲ ವರ್ಷವೇ ಚಾಂಪಿಯನ್. ಇಲ್ಲಿ ಆಯ್ಕೆಯಾದ ಆಟಗಾರನ ಬೆಲೆ ಹೊಸದಾಗಿ ನಿಗದಿಯಾಗುತ್ತದೆ. ಅಲ್ಲಿ ಅವನು ಹಳೆಯ ಸಂಬಳಕ್ಕೇ ಊರು ಬದಲಿಸುತ್ತಾನೆ. ಹೆಂಡತಿ ಮಕ್ಕಳು, ಶಾಲೆ, ಬಾಡಿಗೆ ಮನೆ ಎಲ್ಲವೂ.

36
2025ರ ಜೂನ್‌ನಲ್ಲಿ ಮಹಿಳೆಯರ ಐಸ್ ಹಾಕಿ ಲೀಗ್ ಪಿಡಬ್ಲ್ಯುಎಚ್‌ಎಲ್ ಸಿಯಾಟಲ್‌ಗೂ ವ್ಯಾಂಕೂವರ್‌ಗೂ ಹೊಸ ತಂಡ ಕಟ್ಟಲು ಆಟಗಾರ್ತಿಯರ ಆಯ್ಕೆ ನಡೆಸಿತು. ಹಳೆಯ ಆರು ತಂಡಗಳು ಮೊದಲಿಗೆ ಕಾಯ್ದಿರಿಸಬಹುದಾದದ್ದು ಮೂವರನ್ನು. ಇಬ್ಬರನ್ನು ಕಳೆದುಕೊಂಡ ಮೇಲೆ ಇನ್ನೊಬ್ಬರನ್ನು. ಒಟ್ಟಿನಲ್ಲಿ ಪ್ರತಿ ತಂಡವೂ ನಾಲ್ವರನ್ನು ಕಳೆದುಕೊಳ್ಳಲೇಬೇಕು. ಬೋಸ್ಟನ್ ಕಾಯ್ದಿರಿಸಿದ ಮೂವರಲ್ಲಿ ನಾಯಕಿ ಹಿಲರಿ ನೈಟ್ ಇರಲಿಲ್ಲ. ಅವರು ಸಿಯಾಟಲ್ ಸೇರಿದರು. ಹಿಂದಿನ ತಿಂಗಳಷ್ಟೇ ಕಪ್ ಗೆದ್ದಿದ್ದ ಮಿನೆಸೋಟಾದ ಇಬ್ಬರು ಮುಖ್ಯ ಡಿಫೆಂಡರ್‌ಗಳು ವ್ಯಾಂಕೂವರ್‌ಗೆ ಹೋದರು.

ಆ ಲೀಗ್‌ನಲ್ಲಿ ಶುಲ್ಕ ಹಂಚಿಕೊಳ್ಳುವ ಮಾತಿಲ್ಲ. ಆಗಿನ ಎಂಟೂ ತಂಡಗಳ ಮಾಲೀಕತ್ವ ಒಂದೇ ಗುಂಪಿನದು. ಬೋಸ್ಟನ್ ಕಳೆದುಕೊಂಡದ್ದೂ ಸಿಯಾಟಲ್ ಪಡೆದದ್ದೂ ಅದೇ ಜೇಬಿಗೆ. ಬೋಸ್ಟನ್‌ನ ಅಭಿಮಾನಿಗಳು ಮಾತ್ರ ಸಿಟ್ಟಾಗಿದ್ದರು.